ನಾಲ್ಕನೇ ನಟ್ಟು

"ಒತ್ತಿ," ಎಂದಳು ಅಮ್ಮ.

ಅಂಚೆ ತಾತ ಗುಂಡಿ ಒತ್ತಿದರು. ದೋಣಿಯ ವಿಂಚು ಟಕ್ ಎಂದಿತು, ಒಂದು ಸಲ ಮುಲುಗಿತು, ಸುಮ್ಮನಾಯಿತು. ಹಾಯಿ ಬಿದ್ದಲ್ಲೇ ಬಿದ್ದಿತ್ತು.

"ನಿನ್ನೆ ಸಂಜೆಯಿಂದ ಇದೇ ರಾಗ ಕಣಮ್ಮ," ಎಂದರು ತಾತ.

ಮೂವತ್ತು ವರ್ಷ ಅಂಚೆಯ ಚೀಲ ಹೊತ್ತು ತಾತನ ಬಲಭುಜ ಸವೆದುಹೋಗಿತ್ತು. ಕೈಯಿಂದ ಹಗ್ಗ ಎಳೆದು ಹಾಯಿ ಏರಿಸುವುದು ಅವರಿಂದಾಗದು. ಅದಕ್ಕೇ ಈ ಕರೆಂಟಿನ ವಿಂಚು. ಗುಂಡಿ ಒತ್ತಿದರೆ ಸಾಕು, ಅದೇ ಹಗ್ಗ ಸುತ್ತಿ ಹಾಯಿಯನ್ನು ಮೇಲಕ್ಕೆ ಎತ್ತುತ್ತದೆ. ಮೂರು ವಾರದ ಹಿಂದೆ ಅದಕ್ಕೆ ಹೊಸ ವೈರು ಎಳೆದವಳು ಅಮ್ಮ. ಜೆಟ್ಟಿಯಲ್ಲಿ ಯಾವ ದೋಣಿಯ ಕರೆಂಟು ಕೈಕೊಟ್ಟರೂ ಕರೆ ಬರುವುದು ಅಮ್ಮನಿಗೇ.

"ನಾಳೆ ಬೆಳಿಗ್ಗೆ ಮೊಮ್ಮಗ ಬರ್ತಾನೆ. ದೋಣೀಲಿ ಸುತ್ತಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ. ಅವನು ಇರೋದೇ ಒಂದು ದಿನ," ಎಂದರು ತಾತ.

"ನೋಡೋಣ ಇರಿ," ಎಂದು ಅಮ್ಮ ಪಕ್ಕಕ್ಕೆ ತಿರುಗಿದಳು. "ಬ್ಯಾಟರಿಗೆ ಮೀಟರ್ ಹಿಡಿ, ಪುಟ್ಟಾ."

ಪುಟ್ಟಾ ಎಂದದ್ದು ಇರುವೆಗಲ್ಲ. ರಜಕ್ಕೆ ಬಂದಿದ್ದ ಚಿಕ್ಕಮ್ಮನ ಮಗಳಿಗೆ.

ಇರುವೆ ಅಮ್ಮನ ಒಬ್ಬಳೇ ಮಗಳು. ದೋಣಿಯ ಎಂಥ ಇಕ್ಕಟ್ಟಿನೊಳಗೂ ನುಸುಳುತ್ತಾಳೆಂದು ಜೆಟ್ಟಿಯವರೆಲ್ಲ ಸೇರಿ ಇಟ್ಟ ಹೆಸರು ಅದು. ಈಗಲೂ ಅವಳು ನೆಲದಡಿಯ ಗೂಡಿನಲ್ಲಿ ಮಂಡಿ ಮಡಚಿ, ಟಾರ್ಚ್ ಹಿಡಿದು ಕೂತಿದ್ದಳು. ಮೂಗಿಗೆ ಹಳೇ ಎಣ್ಣೆಯ ವಾಸನೆ, ಬೆನ್ನಿಗೆ ಮರದ ಪಟ್ಟಿ. ಮೇಲೆ, ಗಾಳಿ ಬೆಳಕಿನಲ್ಲಿ, ಮೀಟರ್ ಹಿಡಿದು ನಿಂತವಳು ಮೂರು ತಿಂಗಳ ಅಕ್ಕ.

ಹೌದು, ಬರೀ ಮೂರು ತಿಂಗಳಿಗೆ ದೊಡ್ಡವಳು. ಆದರೂ ಅಕ್ಕ ಅನ್ನಬೇಕಂತೆ. ಗಣಿತದಲ್ಲಿ ನೂರಕ್ಕೆ ನೂರಂತೆ. ಬಂದ ನಾಲ್ಕೇ ದಿನಕ್ಕೆ ಮೀಟರ್ ಓದಲು ಕಲಿತಳಂತೆ. ಆ ಮೀಟರನ್ನು ಇರುವೆ ಎರಡು ವರ್ಷದಿಂದ ಕೇಳುತ್ತಿದ್ದಳು. 'ಇನ್ನೂ ಸ್ವಲ್ಪ ದೊಡ್ಡವಳಾಗು' ಎನ್ನುತ್ತಿದ್ದಳು ಅಮ್ಮ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಇರುವೆಗೆ ಎಷ್ಟು ಹೊಟ್ಟೆಕಿಚ್ಚಾಗಿತ್ತೆಂದರೆ ಬೆಳಗಿನ ತಿಂಡಿಯೂ ಸೇರಿರಲಿಲ್ಲ.

"ಹನ್ನೆರಡು ಪಾಯಿಂಟ್ ಆರು ವೋಲ್ಟ್, ದೊಡ್ಡಮ್ಮ."

"ಇನ್ನೊಂದ್ಸಲ ನೋಡು." ಅಮ್ಮ ತಾನೂ ಕತ್ತು ಚಾಚಿ ನೋಡಿದಳು. "ಸರಿ. ಬ್ಯಾಟರಿ ಗಟ್ಟಿಯಾಗಿದೆ. ಈಗ ವಿಂಚಿನ ಹತ್ತಿರ ಹಿಡಿ. ಒತ್ತಿ ನೀವು."

ಟಕ್.

"ಏಳು, ದೊಡ್ಡಮ್ಮ. ಬರೀ ಏಳು."

"ನೋಡಿದ್ಯಾ? ಹನ್ನೆರಡು ಹೊರಟು ಏಳು ತಲುಪ್ತಿದೆ. ದಾರೀಲಿ ಯಾರೋ ತಿಂತಿದ್ದಾರೆ. ಭೇಷ್, ಚೆನ್ನಾಗಿ ಓದ್ದೆ."

ಭೇಷ್! ಗೂಡಿನೊಳಗೆ ಇರುವೆ ಅಣಕಿಸುವಂತೆ ಮೂತಿ ಮಾಡಿದಳು. ನೋಡುವವರು ಯಾರೂ ಇರಲಿಲ್ಲ. ಆಗಲೇ ಅವಳಿಗೆ ಬಿಸಿ ರಬ್ಬರಿನ ವಾಸನೆ ಬಂದದ್ದು.

ಅವಳ ಮುಂದೆ ದಪ್ಪ ವೈರುಗಳನ್ನು ಕಚ್ಚಿ ಹಿಡಿದ ನಾಲ್ಕು ನಟ್ಟುಗಳಿದ್ದವು. ನಾಲ್ಕರ ಮೇಲೂ ಕೆಂಪು ಚುಕ್ಕೆ. ಅದು ಅಮ್ಮನ ಪದ್ಧತಿ. ಸ್ಪಾನರ್ ಹಾಕಿ ಬಿಗಿ ಮಾಡಿದ ನಟ್ಟಿಗೆ ಉಗುರಿನ ಬಣ್ಣದಿಂದ ಒಂದು ಚುಕ್ಕೆ. ಅಮ್ಮ ಬಿಗಿಯುವವಳು, ಇರುವೆ ಬಣ್ಣ ಹಚ್ಚುವವಳು. ಕೆಂಪು ಇದ್ದರೆ ಕೆಲಸ ಮುಗಿದಿದೆ ಎಂದರ್ಥ.

ಇರುವೆ ಒಂದೊಂದೇ ನಟ್ಟಿನ ಹತ್ತಿರ ಬೆರಳು ತಂದಳು. ಮೊದಲನೆಯದು ತಣ್ಣಗಿತ್ತು. ಎರಡನೆಯದು, ಮೂರನೆಯದು ಕೂಡ. ನಾಲ್ಕನೆಯದಕ್ಕೆ ಬೆರಳು ತಾಗಿದ್ದೇ ತಡ, ಚುರ್ ಎಂದಿತು.

ಅವಳಿಗೆ ಆ ದಿನ ನೆನಪಾಯಿತು. ಮೂರು ನಟ್ಟು ಬಿಗಿದಾಗ ಅಮ್ಮನಿಗೆ ಫೋನ್ ಬಂದಿತ್ತು. ಚಿಕ್ಕಮ್ಮನದು. ನಾಲ್ಕನೆಯದನ್ನು ಬೆರಳಲ್ಲಿ ತಿರುಗಿಸಿಟ್ಟು ಅಮ್ಮ ಮೇಲೆ ಹೋದಳು. 'ಹೌದಾ? ನೂರಕ್ಕೆ ನೂರಾ? ಜಾಣೆ ಕಣೇ ನಿನ್ನ ಮಗಳು. ಕಳಿಸು ರಜಕ್ಕೆ' ಎಂದು ನಗುತ್ತಿದ್ದಳು. ಇರುವೆ ಮುಖ ಊದಿಸಿಕೊಂಡು, ಆ ಮಾತು ಕೇಳುತ್ತ ಕೇಳುತ್ತ, ನಾಲ್ಕಕ್ಕೂ ಕೆಂಪು ಹಚ್ಚಿಬಿಟ್ಟಿದ್ದಳು. ಅಮ್ಮ ವಾಪಸ್ ಬಂದವಳು ಕೆಂಪು ನೋಡಿ ಮುಚ್ಚಳ ಮುಚ್ಚಿದ್ದಳು.

"ಇರುವೇ, ಕೆಳಗೆ ಕೆಂಪೆಲ್ಲ ಇದೆ ತಾನೆ?" ಅಮ್ಮ ಮೇಲಿನಿಂದ ಕೇಳಿದಳು.

ಇರುವೆ ಬೆರಳನ್ನು ಹಿಂದಕ್ಕೆಳೆದುಕೊಂಡಳು. "ಇದೆ."

ಅದು ಸುಳ್ಳಲ್ಲ. ಕೆಂಪಂತೂ ಇತ್ತು.

"ಹಾಗಾದ್ರೆ ವೈರಿನ ತಪ್ಪಲ್ಲ. ಸ್ವಿಚ್ ಬಾಕ್ಸೇ ಹೋಗಿದೆ ಅಂತ ಕಾಣುತ್ತೆ. ಹೊಸದು ಬರೋಕೆ ಹದಿನೈದು ದಿನ ಆಗುತ್ತೆ ನೋಡಿ," ಎಂದಳು ಅಮ್ಮ ತಾತನಿಗೆ.

"ಹೋಗ್ಲಿ ಬಿಡು. ದಡದಲ್ಲೇ ಕೂತು ದೋಣಿ ತೋರಿಸ್ತೀನಿ ಅವನಿಗೆ," ಎಂದರು ತಾತ. ಎಡಗೈಯಿಂದ ಬಲಭುಜ ನೀವಿಕೊಳ್ಳುತ್ತ ಕೂತರು.

ಅಮ್ಮನೊಬ್ಬಳೇ ಇದ್ದಿದ್ದರೆ ಇರುವೆ ಹೇಳಿಬಿಡಬಹುದಿತ್ತು. ಆದರೆ ಅವಳೆದುರಿಗೆ? ನೂರಕ್ಕೆ ನೂರರವಳ ಎದುರಿಗೆ? ಮನೆಗೆ ಹೋಗಿ ಚಿಕ್ಕಮ್ಮನಿಗೆ ಹೇಳಿ ನಗುತ್ತಾಳೆ. ಆಮೇಲೆ ಮೀಟರ್ ಅಲ್ಲ, ಟಾರ್ಚ್ ಕೂಡ ಅವಳ ಕೈಗೇ ಹೋಗುತ್ತದೆ.

ಅಮ್ಮ ಚೀಲಕ್ಕೆ ಸಾಮಾನು ತುಂಬುವ ಸದ್ದು ಕೇಳಿಸಿತು. ಸ್ಪಾನರ್ ಒಳಗೆ ಹೋಯಿತು. ಇಕ್ಕಳ ಹೋಯಿತು.

"ಅಮ್ಮ."

"ಏನೇ?"

"ನಾಲ್ಕನೇ ನಟ್ಟು ಟೈಟ್ ಇಲ್ಲ."

"ಕೆಂಪಿದೆ ಅಂದೆ?"

"ಇದೆ. ನೀನು ಸ್ಪಾನರ್ ಹಾಕೋಕೆ ಮುಂಚೇನೇ ನಾನು ಹಚ್ಚಿಬಿಟ್ಟೆ. ಅವತ್ತು, ನೀನು ಫೋನಲ್ಲಿ ಇದ್ದಾಗ."

ಗೂಡಿನ ಬಾಯಿಗೆ ಎರಡು ಮುಖಗಳು ಬಂದವು. ಇರುವೆ ತಲೆ ತಗ್ಗಿಸಿದಳು. ಈಗ ನಗುತ್ತಾಳೆ, ಈಗ ನಗುತ್ತಾಳೆ ಎಂದು ಕಾದಳು.

"ಬಿಸಿ ಇತ್ತಾ ಅದು? ಕೈ ಸುಟ್ಕೊಂಡ್ಯಾ?" ಎಂದು ಕೇಳಿದಳು ಮೂರು ತಿಂಗಳ ಅಕ್ಕ.

ಇರುವೆ ಬೆರಳು ತೋರಿಸಿದಳು.

ಅಮ್ಮ ಬ್ಯಾಟರಿಯ ಸ್ವಿಚ್ ಆರಿಸಿ, ಕೈ ಚಾಚಿ ನಟ್ಟು ಅಲುಗಿಸಿದಳು. ಅದು ಸಡಿಲ ಹಲ್ಲಿನಂತೆ ಆಡಿತು. "ಇಲ್ಲಿದ್ದಾನೆ ತಿಂಡಿಪೋತ," ಎಂದು, ಬಿಚ್ಚಿ, ಕಪ್ಪಾದ ಕಡೆ ಉಜ್ಜಿ ಹೊಳಪು ಮಾಡಿ, ಮತ್ತೆ ಹಾಕಿ, ಸ್ಪಾನರಿನಿಂದ ಬಿಗಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಇರುವೆಗೆ.

"ನಂದೂ ತಪ್ಪಿದೆ. ವಾಪಸ್ ಬಂದು ಒಂದ್ಸಲ ಅಲುಗಿಸಿ ನೋಡ್ಬೇಕಿತ್ತು," ಎಂದಳು ಅಮ್ಮ.

"ಮೀಟರ್ ಆದ್ರೆ ಎರಡೆರಡು ಸಲ ನೋಡ್ತೀರ. ಇದನ್ನ ಯಾಕೆ ನೋಡ್ಲಿಲ್ಲ ದೊಡ್ಡಮ್ಮ?"

"ಮೀಟರ್ ಬೇರೆ ಕಣೇ. ಇದಕ್ಕೆ ಕೆಂಪು ಹಚ್ಚೋಳು ಇವಳಲ್ವಾ?" ಎಂದು ಅಮ್ಮ ಮಾಮೂಲಿ ದನಿಯಲ್ಲಿ ಹೇಳಿ, ಉಗುರಿನ ಬಣ್ಣದ ಸೀಸೆಯನ್ನು ಇರುವೆಯ ಕೈಗಿಟ್ಟು, ವಿಂಚಿನ ಕಡೆ ಹೋದಳು.

ಇರುವೆ ಸೀಸೆಯನ್ನು ಹಿಡಿದೇ ಕೂತಳು. ಎರಡು ವರ್ಷದಿಂದ ಮೀಟರ್ ಬೇಕು ಮೀಟರ್ ಬೇಕು ಎಂದು ಅತ್ತಿದ್ದಳು. ಅಷ್ಟೂ ದಿನ ಈ ಸೀಸೆ ಅವಳ ಕೈಯಲ್ಲೇ ಇತ್ತು.

"ಅಕ್ಕ, ಸ್ವಲ್ಪ ಟಾರ್ಚ್ ಹಿಡೀತೀಯಾ?" ಎಂದಳು.

ಅಕ್ಕ ಬೋರಲು ಮಲಗಿ ಟಾರ್ಚ್ ಹಿಡಿದಳು. ಇರುವೆ ಹಳೇ ಕೆಂಪನ್ನೆಲ್ಲ ಕೆರೆದು ತೆಗೆದಳು. ಸ್ಪಾನರ್ ಕೇಳಿ ಪಡೆದು ನಾಲ್ಕೂ ನಟ್ಟುಗಳಿಗೆ ಒಂದೊಂದಾಗಿ ಹಾಕಿ, ಹಲ್ಲು ಕಚ್ಚಿ ತಿರುಗಿಸಿ ನೋಡಿದಳು. ಒಂದೂ ಅಲುಗಲಿಲ್ಲ. ಆಮೇಲೆ ಹಚ್ಚಿದಳು, ಒಂದು, ಎರಡು, ಮೂರು, ನಾಲ್ಕು.

ಅಮ್ಮ ಬ್ಯಾಟರಿಯ ಸ್ವಿಚ್ ಹಾಕಿದಳು. ತಾತ ಗುಂಡಿ ಒತ್ತಿದರು. ವಿಂಚು ಟಕ್ ಎಂದು, ಗುರ್ ಎಂದು ತಿರುಗಿತು. ಹಾಯಿ ಮಡಿಕೆ ಬಿಚ್ಚುತ್ತ ಏರತೊಡಗಿತು. ತಾತ ಬಾಯಿ ತೆರೆದು ನೋಡುತ್ತ ನಿಂತರು.

"ಆಯ್ತಾ ಅಲ್ಲಿ?" ಎಂದು ಅಮ್ಮ ಗೂಡಿನ ಹತ್ತಿರ ಬಂದಳು.

"ಆಯ್ತು," ಎಂದು ಇರುವೆ ಹೊರಗೆ ಬಂದಳು.

ಅಮ್ಮ ಮುಚ್ಚಳ ಎತ್ತಿ ಮುಚ್ಚಿದಳು. ಒಳಗೆ ಬಗ್ಗಿ ನೋಡಲಿಲ್ಲ.