ಚಕ್ರಪಾಣಿಯವರ ಮನೆಯ ಎರಡು ರೌಟರ್‌ಗಳು

ಬಸವನಗುಡಿಯ ಚರಿತ್ರೆ ಬರೆಯುವವರು ಮುಂದೆಂದಾದರೂ ಈ ಸಂಗತಿಯನ್ನು ಬಿಟ್ಟುಬಿಟ್ಟರೆ ಅದು ಅಕ್ಷಮ್ಯ: ಕಾರ್ತಿಕ ಮಾಸದ ಒಂದು ಬುಧವಾರ, ಯೋಗ್ಯವಾದ ಮುಹೂರ್ತದಲ್ಲಿ, ಚಕ್ರಪಾಣಿಯವರ ಮನೆಗೆ ಹೊಸ ರೌಟರ್ ಬಂತು.

ಅಂಚೆ ಇಲಾಖೆಯಿಂದ ನಿವೃತ್ತರಾದ ಚಕ್ರಪಾಣಿಯವರು, ಕನೆಕ್ಷನ್ ಕೊಡಲು ಬಂದವನನ್ನು ರಾಹುಕಾಲ ಕಳೆಯುವವರೆಗೆ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟರು. ಅವರ ಹೆಂಡತಿ ಅಲಮೇಲು ಹೊಸ ಪೆಟ್ಟಿಗೆಗೆ ಕುಂಕುಮ ಇಟ್ಟು, ಗಾಂಧಿ ಬಜಾರಿನ ಸೇವಂತಿಗೆ ಏರಿಸಿದರು. ಮೊಬೈಲುಗಳಲ್ಲಿ ಇಂಟರ್ನೆಟ್ ಓಡಿತು. ಎಲ್ಲರೂ ಸಂತೋಷಪಟ್ಟರು.

ಮರುವಾರ ಅವರ ಮಗಳು ಅಕ್ಷಯಾ, ಚಾಮರಾಜಪೇಟೆಯ ಒಂದು ಪ್ರೆಸ್ಸಿನ ಬಾಗಿಲಲ್ಲಿ ಕೈಚೀಲ ಹಿಡಿದು, ಮುಖ ಬಿಗಿದುಕೊಂಡು ನಿಂತಿದ್ದಳು.

“ನಿಮ್ಮ ಸ್ಯಾಂಪಲ್ ಕಾರ್ಡುಗಳು. ಇನ್ನು ನನ್ನ ಹತ್ರ ಇರೋದು ಬೇಡ.”

ಪ್ರೆಸ್ಸಿನ ಯಜಮಾನ ಪ್ರಭುದೇವ ತಲೆ ಎತ್ತಿದ. ಅವನ ಬೆರಳ ತುದಿಯಲ್ಲಿ ಬಂಗಾರದ ಬಣ್ಣದ ಶಾಯಿ ಮೆತ್ತಿತ್ತು. ಅವಳನ್ನು ಒಂದು ಗಳಿಗೆ ನೋಡಿ, ಕಣ್ಣು ಕೆಳಗಿಳಿಸಿದ.

“ಅಲ್ಲಿಡಿ ಮೇಡಂ.”

ಮೇಡಂ...

ಮೊನ್ನೆ ಮೊನ್ನೆಯವರೆಗೆ ‘ಅಕ್ಷಯಾ ಅವರೇ’ ಎನ್ನುತ್ತಿದ್ದ ಬಾಯಿ ಇದು.

ಮದುವೆ, ಗೃಹಪ್ರವೇಶ, ನಾಮಕರಣ... ಅವನಲ್ಲಿ ಅಚ್ಚಾಗುವ ಕಾರ್ಡುಗಳಿಗೆಲ್ಲ ಒಕ್ಕಣೆ ಬರೆದುಕೊಡುವವಳು ಅವಳು. ಎಲ್ಲವೂ ಮೇಲ್‌ನಲ್ಲೇ. ವಾಟ್ಸಾಪ್‌ನಲ್ಲಿ ಬಂದ ತಿದ್ದುಪಡಿಯೊಂದು ಗುಡ್ ಮಾರ್ನಿಂಗ್‌ಗಳ ನಡುವೆ ಕಳೆದುಹೋಗಿ, ವರನ ಜಾಗದಲ್ಲಿ ಅವನ ಮಾವನ ಹೆಸರು ಅಚ್ಚಾದಾಗಿನಿಂದ ಅದು ಪ್ರೆಸ್ಸಿನ ಕಟ್ಟಳೆ.

ಬೇರೆಯವರ ಮದುವೆಗಳ ಬಗ್ಗೆ ವರ್ಷಗಟ್ಟಲೆ ಬರೆದುಕೊಂಡ ಇಬ್ಬರು ತಮ್ಮದರ ಬಗ್ಗೆ ಯೋಚಿಸದೆ ಇರುವುದು ಕಷ್ಟ. ಹೇಳಿಕೊಳ್ಳದೆ ಇರುವುದು ಮಾತ್ರ ಬಲು ಸುಲಭ.

ಕೊನೆಗೆ ಅವನೇ, ಯಾವುದೋ ಮಗುವಿನ ನಾಮಕರಣದ ವಿವರ ಕಳಿಸಿದ ಮೇಲ್‌ನ ಕೆಳಗೆ ಬರೆದಿದ್ದ: ‘ನಿಮ್ಮ ಮನೆಗೆ ಬಂದು ನಿಮ್ಮ ತಂದೆಯವರ ಹತ್ತಿರ ನಮ್ಮಿಬ್ಬರ ವಿಷಯ ಮಾತಾಡಲೇ? ಬೇಡ ಅನ್ನಿಸಿದರೆ ಉತ್ತರವೇ ಬೇಡ. ಮತ್ತೆ ಕೇಳುವುದಿಲ್ಲ.’

ಮೊಬೈಲಿನಲ್ಲಿ ಅದನ್ನು ಓದಿದ ಅಕ್ಷಯಾ ನಡುಮನೆಯಲ್ಲಿ ಕಾರಣವಿಲ್ಲದೆ ಸುತ್ತು ಹಾಕಿದ್ದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತಳು. ಓದುವುದು, ನೋಡುವುದು ಎಲ್ಲ ಮೊಬೈಲಿನಲ್ಲಾದರೂ, ಬರೆಯಲು ಮಾತ್ರ ಅವಳಿಗೆ ಕೀಬೋರ್ಡೇ ಬೇಕು. ಅಷ್ಟೆಲ್ಲ ಸಿದ್ಧತೆ ಮಾಡಿ ಬರೆದದ್ದು ಒಂದೇ ಪದ.

ಬನ್ನಿ.

ಕಳಿಸುವ ಗುಂಡಿ ಒತ್ತಿ, ಎದ್ದು ಹೋಗಿ ಮುಖ ತೊಳೆದುಕೊಂಡಳು.

ಅವನು ಬರಲಿಲ್ಲ. ಅಂದಿನಿಂದ ಕೆಲಸವೂ ಬರಲಿಲ್ಲ.

“ಕೇಳೋದು ಕೇಳಿ ಹೀಗೆ ತಣ್ಣಗೆ ಕೂತ್ಕೊಳ್ಳೋದು ಮರ್ಯಾದಸ್ಥರ ಲಕ್ಷಣ ಅಲ್ಲ,” ಎಂದಳು ಈಗ.

“ನೀವು ಉತ್ತರ ಕೊಡ್ಲಿಲ್ಲ. ಅದೇ ಉತ್ತರ ಅಂದ್ಕೊಂಡೆ.”

“ಕೊಟ್ಟೆ.”

ಅವನ ಕೈಯಲ್ಲಿದ್ದ ಕಾರ್ಡು ಅಲ್ಲೇ ನಿಂತಿತು. “ಏನಂತ?”

ಪಕ್ಕದಲ್ಲಿ ಯಾರದೋ ಗೃಹಪ್ರವೇಶ ಧಡಧಡ ಅಚ್ಚಾಗುತ್ತಿತ್ತು. ಅಕ್ಷಯಾಳ ಕಿವಿ ಬಿಸಿಯಾಯಿತು.

“ಬರೆದಿದ್ದನ್ನ ಮತ್ತೆ ಬಾಯಲ್ಲಿ ಹೇಳೋಕಾಗಲ್ಲ. ಮೇಲ್ ನೋಡ್ಕೊಳ್ಳಿ.”

ಅವನು ಮೊಬೈಲನ್ನು ಅವಳತ್ತ ತಿರುಗಿಸಿದ. ಅವಳಿಂದ ಕೊನೆಗೆ ಬಂದದ್ದು ಯಾರದೋ ಸೀಮಂತದ ಒಕ್ಕಣೆ.

“ಸ್ಪ್ಯಾಮ್ ಕೂಡ ನೋಡಿದೀನಿ. ದಿನಾ ನೋಡಿದೀನಿ. ಲಾಟರಿ ಹೊಡೆದಿದೆ ಅಂತಿದೆ, ನಿಮ್ಮದು ಮಾತ್ರ ಇಲ್ಲ.”

ದಿನಾ ನೋಡಿದ್ದಾನೆ... ಅವಳ ಸಿಟ್ಟಿಗೆ ನಿಲ್ಲಲು ಜಾಗ ಸಾಲದಾಯಿತು.

“ಮನೇಲಿ ಏನಾದ್ರೂ ಬದಲಾಯ್ತಾ?” ಎಂದು ಕೇಳಿದ.

“ಹೊಸ ರೌಟರ್ ಹಾಕ್ಸಿದ್ವಿ. ಆದ್ರೆ ನಿಮ್ಮ ಮೇಲ್ ಸರಿಯಾಗೇ ಬಂತಲ್ಲ, ಮೊಬೈಲಿಗೆ.”

“ಉತ್ತರ ಬರೆದಿದ್ದು?”

“ಕಂಪ್ಯೂಟರಲ್ಲಿ.”

“ಹಾಗಾದ್ರೆ... ನಾನು ಬಂದು ನೋಡ್ಲಾ?”

ಇದಕ್ಕೂ ಉತ್ತರ ಅದೇ ಪದ. ಅವಳು ಬೇರೆ ಪದ ಹುಡುಕಿದಳು.

“ಸ್ಕೂಟರ್ ತೆಗೀರಿ,” ಎಂದಳು.

ಮನೆಯಲ್ಲಿ ಚಕ್ರಪಾಣಿಯವರು ಪೇಪರ್ ಮಡಿಸಿ ಕನ್ನಡಕದ ಮೇಲಿಂದ ನೋಡಿದರು. “ಯಾರಮ್ಮಾ?”

“ಪ್ರೆಸ್ಸಿನ ಪ್ರಭುದೇವ ಅಂತ ಅಪ್ಪ. ಕಂಪ್ಯೂಟರಿಂದ ಮೇಲ್ ಹೋಗ್ತಿಲ್ಲ, ನೋಡೋಕೆ ಬಂದಿದಾರೆ.”

“ಹೋಗ್ತಿಲ್ವಾ? ಮುಹೂರ್ತ ಚೆನ್ನಾಗಿತ್ತಲ್ಲ.”

ಪ್ರಭುದೇವ ಕಂಪ್ಯೂಟರನ್ನು ಆರಿಸಿ ಹಚ್ಚಿದ. ಹೊಸ ರೌಟರನ್ನೂ ಆರಿಸಿ ಹಚ್ಚಿದ. ಮೇಲ್ ತೆರೆದರೆ ಔಟ್‌ಬಾಕ್ಸಿನಲ್ಲಿ ಒಂದೇ ಒಂದು ಸಾಲು, ಹೊರಡಲಾಗದೆ ಕೂತಿತ್ತು. ಅಕ್ಷಯಾ ತಟ್ಟನೆ ಪರದೆಗೆ ಅಂಗೈ ಅಡ್ಡ ಹಿಡಿದಳು.

“ಅದನ್ನ ಇಲ್ಲಿ ಓದ್ಬೇಡಿ. ನಿಮಗೆ ತಲುಪಿದ ಮೇಲೆ ಓದಿ.”

“ಓದಲ್ಲ. ಕೈ ಸ್ವಲ್ಪ ಸರಿಸಿದ್ರೆ ವೈಫೈ ಹೆಸರಾದ್ರೂ ನೋಡ್ತೀನಿ.” ಬಗ್ಗಿ ನೋಡಿದ. “ಇದು ಯಾವುದು? ಹೊಸ ಬಾಕ್ಸ್ ಮೇಲೆ ಬೇರೆ ಹೆಸರಿದೆಯಲ್ಲ.”

ಇಬ್ಬರ ಕಣ್ಣೂ ಒಟ್ಟಿಗೆ ಗೋಡೆಯ ಗೂಡಿನತ್ತ ಹೋಯಿತು. ತಿರುಪತಿ ಕ್ಯಾಲೆಂಡರಿನ ಕೆಳಗೆ ಕುಂಕುಮ ಹಚ್ಚಿಕೊಂಡ ಹೊಸ ರೌಟರ್. ಅದರ ಹಿಂದೆ, ಧೂಳು ಹೊದ್ದು, ಹಸಿರು ದೀಪ ಮಿಟುಕಿಸುತ್ತ ಹಳೆಯದು.

“ಸರ್, ಹಳೇ ಕನೆಕ್ಷನ್ ಇನ್ನೂ ಇದೆಯಾ?”

“ಅದನ್ನ ಆಗ್ಲೇ ನಿಲ್ಲಿಸಿಯಾಯ್ತು.”

“ಮತ್ತೆ ಬಾಕ್ಸ್ ಆನ್ ಇದೆ?”

“ಉರಿಯೋ ದೀಪ ನಾವಾಗಿ ಆರಿಸ್ಬಾರ್ದಪ್ಪ. ಇಷ್ಟು ವರ್ಷ ದುಡಿದಿದೆ, ಒಳ್ಳೇ ದಿನ ನೋಡಿ ಕಳಿಸಿಕೊಡೋಣ ಅಂತ. ಮಂಗಳವಾರ, ಶುಕ್ರವಾರ ಮನೆಯಿಂದ ಏನೂ ಹೊರಗೆ ಹಾಕೋ ಹಾಗಿಲ್ಲ. ಬುಧವಾರ ಅಮಾವಾಸ್ಯೆ ಬಂತು. ನಿನ್ನೆ...”

“ನಿನ್ನೆ ಇವರಿಗೆ ನಿದ್ದೆ ಬಂತು,” ಎಂದರು ಅಲಮೇಲು, ಅಡುಗೆಮನೆಯಿಂದ.

ಲೈನು ಸತ್ತಿದ್ದರೂ ಹಳೆಯ ಪೆಟ್ಟಿಗೆ ತನ್ನ ವೈಫೈಯನ್ನು ಹರಡುತ್ತಲೇ ಇತ್ತು. ಕಂಪ್ಯೂಟರಿಗೆ ಹೊಸದರ ಪರಿಚಯವನ್ನು ಯಾರೂ ಮಾಡಿಸಿರಲಿಲ್ಲ. ಅದೂ ಇದೇ ಮನೆಯದು, ಹಳೆಯದನ್ನೇ ಹಿಡಿದು ಕೂತಿತ್ತು. ಜೀವಮಾನವಿಡೀ ಊರಿನ ಕಾಗದ ತಲುಪಿಸಿದವರು, ಮಗಳ ಒಂದು ಪದವನ್ನು ಹೀಗೆ ತಡೆದಿಟ್ಟಿದ್ದರು.

ಪ್ರಭುದೇವ ಪರದೆಯ ಮೇಲೆ ಹೊಸ ವೈಫೈಯ ಹೆಸರು ಒತ್ತಿ ಪಕ್ಕಕ್ಕೆ ಸರಿದ. ಅಕ್ಷಯಾ ಪಾಸ್‌ವರ್ಡ್ ಹಾಕಿದಳು, ಬೆರಳು ತಪ್ಪಿ ಮತ್ತೊಮ್ಮೆ ಹಾಕಿದಳು. ಔಟ್‌ಬಾಕ್ಸ್ ಖಾಲಿಯಾಯಿತು.

ಅವನ ಅಂಗಿಯ ಜೇಬು ಸಣ್ಣಗೆ ಸದ್ದು ಮಾಡಿತು. ತೆಗೆದು ಓದಿದ. ಒಂದು ಪದಕ್ಕೆ ಬೇಕಾದ್ದಕ್ಕಿಂತ ಬಹಳ ಹೊತ್ತು ಓದಿದ.

“ಅಕ್ಷಯಾ ಅವರೇ...”

“ಹೂಂ?”

“ಬಂದಿದೀನಿ.”

ಅವಳು ಕೀಬೋರ್ಡನ್ನೇ ನೋಡುತ್ತ ಕೂತಳು. ಅಕ್ಷರಗಳೆಲ್ಲ ಮಸುಕಾಗಿ ಕಂಡವು.

“ಏನಂತೆ? ಹೋಯ್ತಾ ಮೇಲ್?” ಎಂದರು ಚಕ್ರಪಾಣಿ.

“ಹೋಯ್ತು ಸರ್. ನನಗೇ ಬಂತು.” ಅವನು ಎದ್ದು ನಿಂತ. “ಪೇಟೇಲಿ ನಮ್ಮ ತಾತನ ಕಾಲದಿಂದ ಪ್ರೆಸ್ಸಿದೆ. ನಮ್ಮದು ಶಿವಪೂಜೆ ಮಾಡೋ ಮನೆ, ನಿಮ್ಮದು ನಾಮದ ಮನೆ, ಗೊತ್ತಿದೆ. ಅಕ್ಷಯಾ ಅವರನ್ನ ಮದುವೆ ಮಾಡ್ಕೋಬೇಕು ಅಂತ ನನಗಾಸೆ. ನಿಮ್ಮನ್ನ ಕೇಳೋಕೆ ಅವರ ಒಪ್ಪಿಗೆ ಈಗ ಸಿಕ್ತು.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

ಚಕ್ರಪಾಣಿಯವರು ಮಗಳ ಕಡೆ ತಿರುಗಿದರು. “ನೀನೇನಂತೀಯಮ್ಮಾ?”

“ನನ್ನ ಉತ್ತರ ಒಂದು ವಾರದಿಂದ ನಿಮ್ಮ ದೀಪ ಕಾಯ್ಕೊಂಡು ಕೂತಿತ್ತಪ್ಪ.”

ಅವರು ಅಭ್ಯಾಸಬಲದಿಂದ ಪಂಚಾಂಗ ತೆಗೆದುಕೊಂಡರು. ತೆರೆದರು. ಮಗಳ ಮುಖ ನೋಡಿದರು. ಮುಚ್ಚಿದರು. ಆಮೇಲೆ ನಿಧಾನವಾಗಿ ಎದ್ದು ಗೂಡಿನ ಹತ್ತಿರ ಹೋಗಿ, ಹಳೆಯ ರೌಟರಿನ ಪ್ಲಗ್ ಕಿತ್ತರು. ಹಸಿರು ದೀಪ ಆರಿತು.

“ಇವತ್ತು ಶುಕ್ರವಾರ ರೀ,” ಎಂದರು ಬಾಗಿಲಿಗೆ ಬಂದಿದ್ದ ಅಲಮೇಲು.

“ಗೊತ್ತು. ಎಲ್ಲರಿಗೂ ಕಾಫಿ ತೊಗೊಂಡ್ ಬಾ.”

ಕಾಫಿಯಾದ ಮೇಲೆ ಅಕ್ಷಯಾ ಅವನನ್ನು ಗೇಟಿನವರೆಗೆ ಬಿಡಲು ಬಂದಳು.

“ಒಂದು ಪದಕ್ಕೆ ಇಷ್ಟು ಕಾಯಿಸಿದ್ರಿ,” ಎಂದ.

“ಉತ್ತರವೇ ಬೇಡ ಅಂತ ಬರೆಯೋಕೆ ಯಾರು ಹೇಳಿದ್ದು? ಇನ್ಮೇಲೆ ನೀವು ಬರೆಯೋದನ್ನೂ ನಾನೇ ತಿದ್ತೀನಿ.”

“ತಿದ್ದಿ... ಜೀವನ ಪೂರ್ತಿ ತಿದ್ದಿ. ನಮ್ಮ ಲಗ್ನಪತ್ರಿಕೆ ಒಕ್ಕಣೇನೂ ಮೇಲ್‌ನಲ್ಲೇ ಕಳಿಸ್ತೀರಾ?”

“ಇಲ್ಲ. ಕೈಯಲ್ಲೇ ತಂದ್ಕೊಡ್ತೀನಿ.” ಗೇಟಿನ ಚಿಲಕದ ಮೇಲಿದ್ದ ಅವನ ಕೈಯ ಪಕ್ಕ ಅವಳು ತನ್ನ ಕೈ ಇಟ್ಟಳು. “ಅಪ್ಪನ್ನ ನಂಬೋಕಾಗಲ್ಲ.”

ಮದುವೆ ಮಾಘದಲ್ಲಾಯಿತು. ಮೇಲ್ ಈಗ ಹೋಗುತ್ತದೆ.