ಮಾರಲು ಸಿಂಗರಿಸಿದ ಮನೆ

ಬೀಗದ ಕೈ ಅವಳ ಚೀಲದಲ್ಲಿಯೇ ಇತ್ತು. ಆದರೂ ಅವಳು ಕರೆಗಂಟೆಯನ್ನು ಒತ್ತಿ, ಪರರ ಮನೆಯೆದುರು ನಿಲ್ಲುವವರ ಸಭ್ಯತೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಬಾಗಿಲು ತೆರೆದವನು ಮೊದಲು ಅವಳ ಕೈಯಲ್ಲಿದ್ದ ಸಲಕರಣೆಯ ಪೆಟ್ಟಿಗೆಯನ್ನು ನೋಡಿದ, ಆಮೇಲೆ ಅವಳನ್ನು.

"ಕೀ ಇತ್ತಲ್ಲ ನಿನ್ಹತ್ರ."

"ಗಿರಾಕಿಗಳ ಮನೆಗೆ ನಾನು ಬೆಲ್ ಮಾಡೇ ಬರೋದು."

"ಓ. ಹಾಗಾದ್ರೆ ಕಾಲು ಒರಸ್ಕೊಂಡು ಬನ್ನಿ, ಮೇಡಂ."

ಅವಳು ಕಾಲೊರೆಸಿನ ಮೇಲೆ ನಿಂತು, ಅದು ಸವೆಯುವಷ್ಟು ಹೊತ್ತು ಕಾಲು ಒರೆಸಿದಳು.

ಅವರಿಬ್ಬರೂ ಗಂಡಹೆಂಡತಿ. ಬೇರೆಯಾಗಿ ವರ್ಷವೊಂದು ಸಂದಿತ್ತು. ಅವಳು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿದ್ದಳು, ಅವನು ಇಲ್ಲಿಯೇ ಉಳಿದಿದ್ದ. ಇಬ್ಬರ ಹೆಸರಿನಲ್ಲಿದ್ದ ಈ ಮನೆ ಮಾರಿಹೋದ ದಿನವೇ ವಿಚ್ಛೇದನಕ್ಕೆ ಸಹಿ ಎಂದು ಮಾತಾಗಿತ್ತು. ಸಹಿಯಾದ ಮೇಲೆ ಒಬ್ಬರ ಮುಖವನ್ನೊಬ್ಬರು ನೋಡಬೇಕಾದ ಕಾರಣ ಲೋಕದಲ್ಲಿ ಯಾವುದೂ ಉಳಿಯುತ್ತಿರಲಿಲ್ಲ. ಆದರೆ ಮನೆ ಮಾರಿಹೋಗುತ್ತಿರಲಿಲ್ಲ. ಬಂದವರೆಲ್ಲ ಹಜಾರವನ್ನು ಮೆಚ್ಚಿ, ಮಲಗುವ ಕೋಣೆಗೆ ತಲೆದೂಗಿ, ಅಡುಗೆಮನೆಯವರೆಗೆ ಹೋಗಿ, ಅಲ್ಲಿಂದ ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುತ್ತಿದ್ದರು. ದಲ್ಲಾಳಿಗೆ ಇದರ ಮರ್ಮ ತಿಳಿಯದು. ಮಾತಿಗೆ ಸಕ್ಕರೆ ಬೆರೆಸದೆ ಬಾಯಿ ತೆರೆಯದ ಆ ಮನುಷ್ಯನನ್ನು ಗಂಡಹೆಂಡಿರಿಬ್ಬರೂ ಬೆನ್ನ ಹಿಂದೆ 'ಸಕ್ಕರೆ' ಎಂದೇ ಕರೆಯುತ್ತಿದ್ದರು. ಅವರಿಬ್ಬರ ನಡುವೆ ಇನ್ನೂ ಒಡೆಯದೆ ಉಳಿದ ಒಮ್ಮತ ಅದೊಂದೇ. ಕೊನೆಗೆ ಸಕ್ಕರೆಯೇ ಅವಳ ಬಳಿಗೆ ಬಂದು, ಊರವರ ಮನೆಗಳನ್ನೆಲ್ಲ ಚೆಂದಗಾಣಿಸುವ ಮೇಡಂ ತಮ್ಮ ಸ್ವಂತ ಮನೆಗೆ ಒಮ್ಮೆ ಕೈ ಹಚ್ಚಬಾರದೇ ಎಂದು ಗೋಗರೆದಿದ್ದ.

ಅದೇ ಅವಳ ವೃತ್ತಿ. ಮಾರಾಟಕ್ಕಿಟ್ಟ ಮನೆಗಳನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಅವಳು ಸಿಂಗರಿಸಿಕೊಡುತ್ತಿದ್ದಳು. ಬಂದವನು ಹೊಸ್ತಿಲು ದಾಟಿದೊಡನೆ ಇದು ತನ್ನ ಮನೆ ಎಂದುಕೊಳ್ಳಬೇಕು. ಅದಕ್ಕಾಗಿ ಅಲ್ಲಿ ಬಾಳಿದವರ ಸುಳಿವು ಎಲ್ಲಿಯೂ ಉಳಿಯಬಾರದು. ಫೋಟೋ ಇಳಿಸಿ ಮೊಳೆಯ ತೂತಿಗೆ ಪುಟ್ಟಿ ತುಂಬುವುದು, ಬಿಳಿ ದೀಪ ತೆಗೆದು ಹಳದಿ ದೀಪ ಹಾಕುವುದು, ಕಿಟಕಿಯೆದುರು ಕನ್ನಡಿ ನಿಲ್ಲಿಸುವುದು, ಕಪಾಟನ್ನು ಅರ್ಧ ಖಾಲಿ ಮಾಡಿ ಜಾಗ ಬೇಕಾದಷ್ಟಿದೆ ಎನಿಸುವುದು, ಕೊನೆಯಲ್ಲಿ ಊಟದ ಮೇಜಿನ ಮೇಲೆ ನಾಲ್ಕು ಪಿಂಗಾಣಿ ಕಪ್ಪುಗಳನ್ನು ಜೋಡಿಸುವುದು. ಯಾರೋ ಈಗಷ್ಟೇ ಬಂದು ಕೂರಲಿದ್ದಾರೆ ಎಂಬ ಭ್ರಮೆಯೇ ಆ ಅಲಂಕಾರದ ಕಳಶ.

ಮೊದಲ ಜಗಳ ಸೋಫಾದ ಮೇಲೆ ಹುಟ್ಟಿತು. ಗೋಡೆಗೊರಗಿದ್ದ ಸೋಫಾವನ್ನು ಅವಳು ಮೊಳದಷ್ಟು ಮುಂದಕ್ಕೆ ಎಳೆದಳು; ಗೋಡೆ ಬಿಟ್ಟು ನಿಂತರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಹಾಗಿದ್ದರೆ ಅದನ್ನು ಬೀದಿಗೇ ಎಳೆದುಬಿಡು, ಅರಮನೆಯಂತೆ ಕಂಡೀತು ಎಂದು ಅವನು ಹೇಳಿದ. ಎರಡನೆಯದು ಪರದೆಗಳಿಗಾಗಿ, ಮೂರನೆಯದು ಸ್ನಾನದ ಮನೆಯಲ್ಲಿ ನೇತುಹಾಕಿದ್ದ ಅವನ ಟವೆಲಿಗಾಗಿ. ಅವನ ಬ್ರಷ್ಷನ್ನೂ ಅವಳು ಬೆರಳ ತುದಿಯಲ್ಲಿ ಹಿಡಿದು ಡಬ್ಬಿಯೊಳಗೆ ಹಾಕಿದಾಗ, ಹಲ್ಲುಜ್ಜುವ ಅಭ್ಯಾಸವನ್ನಾದರೂ ಇಟ್ಟುಕೊಳ್ಳಬಹುದೇ ಎಂದು ಅವನು ಕೇಳಿದ.

ಎಲ್ಲಕ್ಕೂ ದೊಡ್ಡ ಜಗಳ ಅವನ ಬೆತ್ತದ ಕುರ್ಚಿಯದು. ಎಡಗೈಯ ಒರಗು ಮಾತ್ರ ಸವೆದು ಹೊಳೆಯುತ್ತಿದ್ದ ಆ ಕುರ್ಚಿಯನ್ನು ಅವಳು ಸ್ಟೋರ್ ರೂಮಿಗೆ ನೂಕಲು ಹೊರಟಳು. ಅವನು ಅಡ್ಡ ನಿಂತ.

"ಇದಿದ್ರೆ ಯಾರೋ ಮನೆ ಬಿಟ್ಟು ಎದ್ದುಹೋದ ಹಾಗೆ ಕಾಣುತ್ತೆ," ಎಂದಳು ಅವಳು.

"ಎದ್ದುಹೋಗಿದ್ದು ಈ ಕುರ್ಚಿಯವನಲ್ಲ."

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡೇ ನಿಂತಳು. "ಯಾಕೆ ಹೋದೆ ಅಂತ ಒಂದು ದಿನ ಆದ್ರೂ ಕೇಳಿದ್ಯಾ?"

"ಕೇಳ್ಬೇಕಾ? ಈ ಮನೇಲಿ ಟೀ ಕುಡಿದು ಕಪ್ ಕೆಳಗಿಡೋ ಹಾಗಿರ್ಲಿಲ್ಲ. ಇಟ್ಟ ತಕ್ಷಣ ನೀನು ಬಂದು ಎತ್ಕೊಂಡು, ಮೇಜು ಒರಸಿ, ದಿಂಬು ಸರಿ ಮಾಡ್ತಿದ್ದೆ. ನಾನೂ ಒಂದು ಸಾಮಾನು ಇಲ್ಲಿ. ಎಲ್ಲಿಟ್ರೂ ಚೆನ್ನಾಗಿ ಕಾಣದ ಸಾಮಾನು."

ಅವಳಿಗೂ ಹೇಳುವುದಿತ್ತು. ಅವನದು ಕನ್ನಡಕದ ಅಂಗಡಿ. ಊರವರ ದೃಷ್ಟಿಯನ್ನು ಒರೆಗೆ ಹಚ್ಚುತ್ತಿದ್ದವನಿಗೆ ತನ್ನ ಮನೆಯಲ್ಲಿ ಪರದೆ ಬದಲಾದದ್ದು ಕಾಣುತ್ತಿರಲಿಲ್ಲ, ಹೆಂಡತಿ ಅತ್ತದ್ದೂ ಕಾಣುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚಿದ ಮೇಲೂ ಅಲ್ಲಿಯೇ ಕುಳಿತಿರುತ್ತಿದ್ದ. ಅವನಿಗಾಗಿ ಅಣಿಗೊಳಿಸಿದ ಮನೆಯಲ್ಲಿ ಅವಳು, ಬಾರದ ಗಿರಾಕಿಗಾಗಿ ಕಾಯುವವಳಂತೆ, ಒಬ್ಬಳೇ ಕಾಯುತ್ತಿದ್ದಳು. ಇದನ್ನೆಲ್ಲ ಅವಳು ಹೇಳಲಿಲ್ಲ. ಕುರ್ಚಿಯನ್ನು ಅವನ ಕಾಲ್ಬೆರಳ ಮೇಲೆಯೇ ಹಾಯಿಸಿಕೊಂಡು ಸ್ಟೋರ್ ರೂಮಿಗೆ ಒಯ್ದಳು.

ಆಮೇಲಿನ ದಿನಗಳಲ್ಲಿ ಮಾತು ನಿಂತು ಕೆಲಸ ಮಾತ್ರ ಸಾಗಿತು. ಅವಳು ಇರಿಸಿದ್ದನ್ನು ಅವನು ಅಂಗುಲದಷ್ಟು ಸರಿಸುವನು, ಅವನು ಸರಿಸಿದ್ದನ್ನು ಅವಳು ಮರಳಿ ನೆಟ್ಟಗೆ ಮಾಡುವಳು. ಯಾರು ಎಲ್ಲಿ ಕೈಯಿಟ್ಟರು, ಯಾವಾಗ ಕೆಮ್ಮಿದರು, ಯಾವ ಬಾಗಿಲನ್ನು ಬೇಕೆಂದೇ ದಡಾರನೆ ಹಾಕಿದರು, ಒಂದೂ ಇನ್ನೊಬ್ಬರ ಲೆಕ್ಕದಿಂದ ತಪ್ಪುತ್ತಿರಲಿಲ್ಲ. ದ್ವೇಷವೂ ಒಂದು ಬಗೆಯ ನಿತ್ಯಸ್ಮರಣೆಯೇ. ಭಕ್ತನಿಗೂ ಕೆಲವೊಮ್ಮೆ ಅಷ್ಟು ಏಕಾಗ್ರತೆ ಲಭಿಸುವುದಿಲ್ಲ.

ಕೊನೆಯ ದೀಪವನ್ನು ಬದಲಿಸಲು ಅವಳು ಏಣಿಯ ಮೇಲೆ ನಿಂತಿದ್ದಾಗ ಅವಳ ಕನ್ನಡಕ ಮೂಗಿನ ತುದಿಗೆ ಜಾರಿತು. ಕೈಗಳೆರಡೂ ಮೇಲಿದ್ದವು. ಗದ್ದವೆತ್ತಿ ತಡೆಯಲೆತ್ನಿಸಿದಳು.

"ಸ್ಕ್ರೂ ಸಡಿಲ ಆಗಿದೆ," ಕೆಳಗಿನಿಂದ ಅವನ ದನಿ.

"ಯಾರ್ದು?"

"ಕನ್ನಡಕದ್ದು. ಬೇರೇದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ಅವಳು ಇಳಿದು ಬಂದಳು. ಸಡಿಲಾದರೆ ಬಿಗಿ ಮಾಡಿಕೊಡುವ ಅಂಗಡಿಗಳು ಊರಿನಲ್ಲಿ ಬೇಕಾದಷ್ಟಿವೆ ಎಂದಳು.

"ಇದ್ವಲ್ಲ. ಒಂದು ವರ್ಷದಿಂದ ಮೂಗು ಎತ್ಕೊಂಡೇ ಓಡಾಡಿದೀಯ. ಯಾಕೆ ಹೋಗ್ಲಿಲ್ಲ?"

ಅವನು ಎಡಗೈ ಚಾಚಿದ. ಬೈಯಲೆಂದು ಬಾಯಿ ತೆರೆದವಳು, ಬೈಗುಳ ಸಿಗದೆ, ಕನ್ನಡಕವನ್ನು ತೆಗೆದು ಆ ಅಂಗೈಯ ಮೇಲೆ ಇಟ್ಟಳು.

ಕನ್ನಡಕವಿಲ್ಲದ ಅವಳ ಕಣ್ಣಿಗೆ ಕೋಣೆಯೆಲ್ಲ ನೀರಿನೊಳಗಿನ ಚಿತ್ರವಾಯಿತು. ಅವನು ಬರಿಯ ಒಂದು ಆಕಾರ. ಮುಖ ಕಾಣದಿದ್ದುದರಿಂದ ಅವಳಿಗೆ ಧೈರ್ಯ ಬಂದು, ವರ್ಷದ ಬಾಕಿಯನ್ನೆಲ್ಲ ತೀರಿಸಿಕೊಳ್ಳುವಂತೆ ಆ ಆಕಾರವನ್ನು ನೆಟ್ಟ ನೋಟದಿಂದ ನೋಡಿದಳು. ತನಗೆ ಅವನು ಕಾಣದಿದ್ದರೂ ಅವನಿಗೆ ತಾನು ಚೆನ್ನಾಗಿಯೇ ಕಾಣುತ್ತಿದ್ದೇನೆ ಎಂಬುದು ಅವಳಿಗೆ ಹೊಳೆದದ್ದು ತಡವಾಗಿ.

ಅವನು ಜೇಬಿನಿಂದ ಕಡ್ಡಿಯಂಥ ಸ್ಕ್ರೂಡ್ರೈವರ್ ತೆಗೆದು ತಿರುಗಿಸಿದ, ಅಂಗಿಯ ತುದಿಯಿಂದ ಗಾಜನ್ನು ಒರೆಸಿದ, ತಾನೇ ಅವಳ ಕಿವಿಗಳ ಮೇಲೆ ಕೂರಿಸಿದ. ಬೆರಳು ಕಿವಿಯ ಹಿಂಬದಿಯಲ್ಲಿ ಬೇಕಾದುದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು.

"ಬಿಗಿ ಆಯ್ತಾ?"

"ಜಾಸ್ತಿ ಆಯ್ತು."

"ಇರ್ಲಿ. ಈಗ ಚೆನ್ನಾಗಿ ಕಾಣುತ್ತೆ."

"ಏನು?"

"ಗೋಡೆ. ಪುಟ್ಟಿ ಸೊಟ್ಟಗೆ ಬಳಿದಿದೀಯ."

ಅವಳು ಏಣಿಯನ್ನು ಅವನ ಕಡೆಗೇ ಮಡಚಿದಳು. ಅವನು ಹಾರಿ ಹಿಂದೆ ಸರಿಯದಿದ್ದರೆ ಅಂದೇ ವಿಚ್ಛೇದನ ಸಂಪೂರ್ಣವಾಗುತ್ತಿತ್ತು.

ಮನೆ ತೋರಿಸುವ ದಿನ ಬಂದಿತು. ಅವಳು ಕಪ್ಪುಗಳನ್ನು ಜೋಡಿಸಿ, ಮೇಜನ್ನು ಮತ್ತೊಮ್ಮೆ ಉಜ್ಜಿದಳು. ಕೊಳ್ಳುವವರ ಕಣ್ಣಿಗೆ ಮನೆಯವರು ಬೀಳಬಾರದೆಂಬುದು ಅವಳ ವೃತ್ತಿಯ ಕಟ್ಟುನಿಟ್ಟು. ಹೊರಡಲು ಅವಳು ಚೀಲವನ್ನು ಹೆಗಲಿಗೇರಿಸುತ್ತಿದ್ದಾಗಲೇ, ಹೇಳಿದ ಹೊತ್ತಿಗಿಂತ ಮೊದಲೇ, ಬಾಗಿಲ ಹೊರಗೆ ಸಕ್ಕರೆಯ ಇಂಪಾದ ದನಿ ಕೇಳಿಸಿತು. ಅದರ ಹಿಂದೆ ಬೇರೆ ದನಿಗಳೂ. ಹೊರಹೋಗಲು ಇನ್ನೊಂದು ದಾರಿಯಿರಲಿಲ್ಲ. ಅವಳು ಗಂಡನ ತೋಳನ್ನು ಹಿಡಿದೆಳೆದು ಸ್ಟೋರ್ ರೂಮಿಗೆ ನುಗ್ಗಿ ಬಾಗಿಲನ್ನು ಒತ್ತಿಕೊಂಡಳು.

ಒಳಗೆ ಅವರ ಬಾಳೆಲ್ಲ ಡಬ್ಬಿಗಳಲ್ಲಿ ತುಂಬಿ ಪೇರಿಸಿತ್ತು. ಉಳಿದ ಜಾಗದಲ್ಲಿ ಬೆತ್ತದ ಕುರ್ಚಿ ಇತ್ತು. ಇಬ್ಬರೂ ನಿಲ್ಲಬೇಕಾದರೆ ಅವಳ ತಲೆ ಅವನ ಭುಜಕ್ಕೆ ತಾಗಲೇಬೇಕಿತ್ತು. ತಾಗದಿರಲು ಅವಳು ಕತ್ತನ್ನು ಕೊಕ್ಕರೆಯಂತೆ ಕೊಂಕಿಸಿದಳು.

"ಕಾಲು ತೆಗಿ," ಅವಳು ಪಿಸುಗುಟ್ಟಿದಳು.

"ಎಲ್ಲಿಗೆ ತೆಗೀಲಿ, ಡಬ್ಬಿಗೆ ಹಾಕ್ಲಾ?"

ಬಾಗಿಲ ಸೀಳಿನಲ್ಲಿ ಊಟದ ಕೋಣೆ ಕಾಣುತ್ತಿತ್ತು. ಒಬ್ಬ ತರುಣ, ಅವನ ಹೆಂಡತಿ, ಆ ಹೆಂಡತಿಯ ತಾಯಿ. ಅವರಿಗಿಂತ ಮುಂದಾಗಿ ಬಂದ ಸಕ್ಕರೆ, ಮೇಜಿನ ಎಡತುದಿಗೆ ನಡೆದು ಅಲ್ಲಿದ್ದ ಕಪ್ಪಿನ ಹಿಡಿಕೆಯನ್ನು ಎಡದಿಂದ ಬಲಕ್ಕೆ ತಿರುಗಿಸಿಟ್ಟ. ಅಭ್ಯಾಸದ ಕೈ, ಕ್ಷಣದ ಕೆಲಸ. ಆದರೆ ಅಮ್ಮನ ಕಣ್ಣು ಚುರುಕಾಗಿತ್ತು. ಅದನ್ನೇಕೆ ತಿರುಗಿಸಿದಿರಿ ಎಂದು ಆಕೆ ಕೇಳಿದಳು.

"ಏನಿಲ್ಲಮ್ಮ. ಮನೆ ರೆಡಿ ಮಾಡೋ ಮೇಡಂ ಕೆಲಸದಲ್ಲಿ ಬೆರಳಿಟ್ಟು ತೋರಿಸೋ ಹಾಗಿಲ್ಲ. ಆದ್ರೆ ಒಂದು ವರ್ಷದಿಂದ ನೋಡ್ತಿದೀನಿ, ಯಾವ ಮನೆ ಆಗ್ಲಿ, ಈ ಮೂಲೆ ಕಪ್ ಒಂದನ್ನ ಉಲ್ಟಾ ಇಡ್ತಾರೆ. ಹಿಂದೆಯೇ ಹೋಗಿ ನಾನು ಸರಿ ಮಾಡ್ತೀನಿ. ಏನೋ ಹೊಸ ಫ್ಯಾಷನ್ ಇರ್ಬೇಕು."

"ಫ್ಯಾಷನ್ ಅಲ್ಲಪ್ಪ," ಎಂದಳು ಆ ತಾಯಿ. "ಅವರ ಮನೇಲಿ ಯಾರೋ ಎಡಗೈಯವರಿದ್ದಾರೆ."

ಸ್ಟೋರ್ ರೂಮಿನಲ್ಲಿ ಉಸಿರಾಟ ನಿಂತಿತು.

ಅವಳಿಗೆ ಅದು ತಿಳಿದಿರಲಿಲ್ಲ. ಯಾವ ಸುಳಿವನ್ನೂ ಉಳಿಸದವಳೆಂದು ಹೆಸರಾದವಳು, ಕಾಣದ ಜನರ ಎಷ್ಟೋ ಮನೆಗಳಲ್ಲಿ, ಮೊಣಕೈ ಯಾರಿಗೂ ತಗಲದ ಎಡತುದಿಯ ಜಾಗವನ್ನು ಹುಡುಕಿ, ಇವನೊಬ್ಬನಿಗಾಗಿ ಚಹಾ ಇಟ್ಟು ಬಂದಿದ್ದಳು. ಕೈ ಮಾಡಿದ್ದನ್ನು ಮನಸ್ಸು ನೋಡಿರಲಿಲ್ಲ. ಅವಳ ಕಿವಿಗಳು ಸುಟ್ಟವು. ಅವನು ತನ್ನತ್ತ ತಿರುಗುತ್ತಿರುವುದು ಕತ್ತಲೆಯಲ್ಲಿಯೂ ಅರಿವಿಗೆ ಬಂದಿತು.

"ಒಂದು ಮಾತಾಡಿದ್ರೆ ಕೊಂದ್ಬಿಡ್ತೀನಿ," ಎಂದಳು.

ಅವನು ಒಂದು ಮಾತನ್ನೂ ಆಡಲಿಲ್ಲ. ಅವಳ ಕೊಂಕಿದ ಕತ್ತನ್ನು ಮೆಲ್ಲನೆ ಹಿಡಿದು ತನ್ನ ಭುಜಕ್ಕೆ ಆನಿಸಿಕೊಂಡ.

ಅಷ್ಟರಲ್ಲಿ ಅಡುಗೆಮನೆಯಿಂದ ತರುಣನ ದನಿ ಬಂದಿತು. "ಈ ಗೋಡೆ ಒಣಗೇ ಇದೆಯಲ್ಲ? ನಮ್ಮ ಆಫೀಸಿನವರೊಬ್ರು ಮೊದಲೇ ಈ ಮನೆ ನೋಡಿದ್ರು. ಮನೆಯೊಡೆಯರೇ ಅವರನ್ನ ಪಕ್ಕಕ್ಕೆ ಕರ್ದು, ಗೋಡೆ ಒಸರುತ್ತೆ, ಯೋಚನೆ ಮಾಡಿ ತಗೊಳ್ಳಿ ಅಂದ್ರಂತೆ. ಬಂದೋರಿಗೆಲ್ಲ ಅದನ್ನೇ ಹೇಳ್ತಾರಂತೆ."

ಆ ಗೋಡೆಗೆ ಎಂದೂ ಒಂದು ಹನಿ ಸೋಂಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಭುಜದಿಂದ ತಲೆಯೆತ್ತಿ ಅವಳು ಅವನ ಅಂಗಿಯ ಗುಂಡಿಯನ್ನು ಹಿಡಿದಳು.

"ಯಾಕೆ?"

"ಮಾರಿದ್ರೆ ಸಹಿ ಹಾಕ್ಬೇಕಿತ್ತಲ್ಲ."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ಕಪ್ಪಿಗೆ ಹೇಳಿದೀಯಲ್ಲ, ನಾನು ಗೋಡೆಗೆ ಹೇಳ್ದೆ."

ಹೊರಗೆ ಮನೆ ಒಪ್ಪಿಗೆಯಾಗಿತ್ತು. ಇಂದೇ ಮಾತು ಮುಗಿಸೋಣ ಎಂದು ತರುಣ ಹೇಳುವುದು ಕೇಳಿಸಿತು. ಸಕ್ಕರೆ ಹಿಗ್ಗಿನಿಂದ ಫೋನು ತೆಗೆದು, ಶುಭವಾರ್ತೆ ತಿಳಿಸಲು ಮೇಡಂಗೆ ಕರೆ ಮಾಡಿದ. ಸ್ಟೋರ್ ರೂಮಿನೊಳಗಿಂದ ಫೋನು ಗಣಗಣಿಸಿತು.

ಇನ್ನು ಅಡಗಿ ಫಲವಿರಲಿಲ್ಲ. ಇಬ್ಬರೂ ಹೊರಬಂದರು. ಅವಳ ಕೂದಲಲ್ಲಿ ಜೇಡರ ಬಲೆಯಿತ್ತು. ಅವನ ಅಂಗಿಯ ಗುಂಡಿಯೊಂದು ಅವಳ ಮುಷ್ಟಿಯಲ್ಲಿಯೇ ಉಳಿದಿತ್ತು. ಸಕ್ಕರೆಯ ಬಾಯಲ್ಲಿ ಮೊದಲ ಬಾರಿಗೆ ಮಾತು ಕರಗಿಹೋಯಿತು. ಕೊನೆಗೆ ಅವನೇ ಸಾವರಿಸಿಕೊಂಡು, ಇವರೇ ಮನೆಯ ಯಜಮಾನರು ಎಂದು ಪರಿಚಯಿಸಿ, ಕೊಳ್ಳಲು ಬಂದವರಿಗೆ ಮನೆ ಹಿಡಿಸಿದೆ, ನಿಮ್ಮ ಒಪ್ಪಿಗೆಯೊಂದೇ ಬಾಕಿ ಎಂದ.

ಎಲ್ಲರೂ ಅವಳನ್ನು ನೋಡಿದರು. ಅವಳು ಮಾತ್ರ ಗಂಡನನ್ನು, ಕೊಳ್ಳಲು ನಿಂತವಳು ಮನೆಯ ತಳಪಾಯವನ್ನು ಪರೀಕ್ಷಿಸುವಂತೆ, ನೋಡಿದಳು. ಅವನ ಮುಖದಲ್ಲಿ ಅಂಗಲಾಚುವಿಕೆ ಇರಲಿಲ್ಲ; ಅಲ್ಲಿದ್ದುದು ಭಯ. ಆ ಭಯ ಅವಳಿಗೆ ಈಗ ಚೆನ್ನಾಗಿಯೇ ಕಂಡಿತು. ಕನ್ನಡಕ ಬಿಗಿಯಾಗಿತ್ತು.

"ಅಡುಗೆಮನೆ ಗೋಡೆ ಒಸರುತ್ತೆ," ಎಂದಳು.

ಸಕ್ಕರೆ ಹಣೆ ಒತ್ತಿಕೊಂಡ. ಅವಳ ಗಂಡ ಒಂದು ಕ್ಷಣ ನೆಲ ನೋಡಿ, ತಲೆಯೆತ್ತಿ, ಬಹಳ ಗಂಭೀರವಾಗಿ ಸೇರಿಸಿದ: "ಪುಟ್ಟಿ ಕೂಡ ಸೊಟ್ಟಗಿದೆ."

ತರುಣ ಏನೋ ವಾದಿಸಲು ಹೊರಟ. ಅವನ ಅತ್ತೆ ಮೇಜಿನ ಬಳಿಗೆ ಹೋಗಿ, ಎಡತುದಿಯ ಕಪ್ಪನ್ನು ಮೊದಲಿದ್ದ ಹಾಗೆಯೇ ಎಡಕ್ಕೆ ತಿರುಗಿಸಿ, ಮಗಳ ಕೈ ಹಿಡಿದಳು.

"ನಡೀರಿ," ಎಂದಳು. "ಈ ಮನೆ ಖಾಲಿ ಇಲ್ಲ."

ಅವರು ಹೋದ ಮೇಲೆ, ಯಾರೂ ಯಾರನ್ನೂ ಕ್ಷಮಿಸಿದ ಮಾತನ್ನಾಡಲಿಲ್ಲ. ಅವನು ಸ್ಟೋರ್ ರೂಮಿನಿಂದ ಕುರ್ಚಿಯನ್ನು ತಂದ. ಅವಳು, ಗೋಡೆ ಸವರದಂತೆ ತರಲು ಬರುವುದಿಲ್ಲವೇ ಎಂದು ಬೈದು, ಚಹಾಕ್ಕೆ ನೀರಿಟ್ಟಳು. ಅಲಂಕಾರದ ಕಪ್ಪುಗಳಲ್ಲಿಯೇ ಚಹಾ ಬಂದಿತು. ಅವನು ಎಡಗೈಯಲ್ಲಿ ಎತ್ತಿ ಕುಡಿದು, ಬೇಕೆಂದೇ, ಅವಳು ಬೆಳಗಿನಿಂದ ಉಜ್ಜಿ ಕನ್ನಡಿಯಾಗಿಸಿದ್ದ ಮೇಜಿನ ನಟ್ಟನಡುವೆ ಒದ್ದೆ ಕಪ್ಪನ್ನು ಇಟ್ಟ.

ಅದರ ಸುತ್ತ ದುಂಡನೆಯ ಕಲೆ ಮೂಡಿತು. ಅವಳ ಕೈ ತಾನಾಗಿಯೇ ಒರೆಸುವ ಬಟ್ಟೆಯತ್ತ ಹೋಯಿತು, ಅರ್ಧದಲ್ಲಿ ನಿಂತಿತು.

"ಒರಸಲ್ವಾ?" ಎಂದು ಅವನು ಕೇಳಿದ. ಕುಹಕದಿಂದ ಆರಂಭವಾದ ಮಾತು ಕೊನೆಗೆ ತಲುಪುವಷ್ಟರಲ್ಲಿ ನಡುಗಿತ್ತು.

ಅವಳು ತನ್ನ ಕಪ್ಪನ್ನೂ ಅದರ ಪಕ್ಕದಲ್ಲಿಯೇ ಇಟ್ಟಳು.

"ಒರಸ್ತೀನಿ," ಎಂದಳು. "ನಾಳೆ."