ಕಪ್ಪಾದ ಔಷಧಿ

ಮಂಗಳವಾರ ಬೆಳಿಗ್ಗೆ 10-20ಕ್ಕೆ ಠಾಣೆಗೆ ಬಂದ ವಿಜ್ಞಾನಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಪ್ಲಾಟಿನಂ ಸೇರಿಸಿ ಅವರು ತಯಾರಿಸಿದ್ದ ಹೊಸ ಕ್ಯಾನ್ಸರ್ ಔಷಧಿಯ ಎರಡು ಶೀಶೆಗಳು ಪ್ರಯೋಗಾಲಯದ ಫ್ರಿಜ್‌ನಿಂದ ಕಾಣೆಯಾಗಿದ್ದವು.

"ಪ್ಲಾಟಿನಂ ಅಂದ್ರೆ ಬಂಗಾರದ ಅಣ್ಣ ಅಲ್ವಾ ಮೇಡಂ?" ಎಂದ ಹೆಡ್ ಕಾನ್‌ಸ್ಟೆಬಲ್.

"ಈ ಔಷಧೀಲಿರೋ ಪ್ಲಾಟಿನಂನಿಂದ ಒಂದು ಸೂಜಿನೂ ಮಾಡೋಕಾಗಲ್ಲ. ಇಲಿಗಳಿಗೆ ಮಾತ್ರ ಕೊಟ್ಟಿದ್ದೀವಿ. ಮನುಷ್ಯರು ತಗೊಂಡ್ರೆ ಕಿಡ್ನಿ ಹೋಗುತ್ತೆ, ಜೀವಾನೂ ಹೋಗುತ್ತೆ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ ತಕ್ಷಣ ಹೊರಟರು. ಕಳ್ಳ ನಾಳೆ ಸಿಕ್ಕರೂ ನಡೆದೀತು, ಶೀಶೆ ಇಂದೇ ಸಿಗಬೇಕಿತ್ತು.

ಫ್ರಿಜ್‌ನ ಬೀಗ ಒಡೆದಿರಲಿಲ್ಲ. ಕೀಲಿ ಪಕ್ಕದ ಕೋಣೆಯ ಮೊಳೆಯಲ್ಲೇ ತೂಗಾಡುತ್ತಿತ್ತು. 11-15ಕ್ಕೆ ಪಂಚನಾಮೆ ಮುಗಿಯಿತು. ಹಾಜರಿ ಪುಸ್ತಕದ ಪ್ರಕಾರ ಅಂದು ಗೈರಾದವನು ಒಬ್ಬನೇ, ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ ಇಲಿ ಪಂಜರ ತೊಳೆಯುವವನು.

"ಬಾಯಲ್ಲಿ ಬೆರಳಿಟ್ರೂ ಕಚ್ಚೋಕೆ ಬರಲ್ಲ ಅವನಿಗೆ" ಎಂದರು ವಿಜ್ಞಾನಿ.

ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆಯ ಮನೆ ಅವನದು; ಬಾಗಿಲು ಅವನೇ ತೆಗೆದ. ಮಂಚದ ಮೇಲೆ ಅವನ ಹೆಂಡತಿ, ಕೂದಲುದುರಿದ ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದಳು. ಅಡುಗೆ ಕಟ್ಟೆಯ ಮೇಲೆ ಎರಡು ಖಾಲಿ ಶೀಶೆಗಳು, ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ. ಇನ್ಸ್‌ಪೆಕ್ಟರ್ ಒಂದು ಶೀಶೆ ಎತ್ತಿ ಅವನಿಗೆ ತೋರಿಸಿದರು.

"ಕುಡಿಸಿದ್ಯಾ?"

"ಇಲ್ಲ ಸಾರ್. ಈ ಪಾತ್ರೇಲಿ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟೆ, ಕರ್ರಗಾಗಿ ಹೋಯ್ತು. ಹೆದರಿ ಬಚ್ಚಲಿಗೆ ಸುರಿದೆ."

"ಹಾಗೇ ಕುಡೀತೀನಿ ಅಂದೆ" ಎಂದಳು ಹೆಂಡತಿ. "ಇವ್ರೇ ಬಿಡ್ಲಿಲ್ಲ."

ಇನ್ಸ್‌ಪೆಕ್ಟರ್ ವಿಜ್ಞಾನಿಗೆ ಫೋನ್ ಮಾಡಿ ಪಾತ್ರೆಯ ವಿಷಯ ಹೇಳಿದರು. "ಅಲ್ಯೂಮಿನಿಯಂ ತಾಗಿದ್ರೆ ಹಾಗೇ ಕೆಡುತ್ತೆ. ಗಾಜಿನ ಲೋಟ ಆಗಿದ್ರೆ ಅವಳು ಕುಡಿದುಬಿಡ್ತಿದ್ಲು" ಎಂದರು ಆಕೆ. ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದಂತಾಯಿತು.

12-30ಕ್ಕೆ ಅವನನ್ನು ಬಂಧಿಸಲಾಯಿತು. ಜೀಪಿನಲ್ಲಿ ಅವನು ಕೈ ಮುಗಿದ.

"ಇನ್ನೊಂದೇ ಶೀಶೆ ಕೊಡ್ಸಿ ಸಾರ್. ಇಲಿಗಳ ಗೆಡ್ಡೆ ಕರಗಿದ್ದನ್ನ ಕಣ್ಣಾರೆ ನೋಡಿದ್ದೀನಿ. ವಾಸಿಯಾಗಿ ಹೋದ್ವು, ಖಾಲಿ ಪಂಜರ ನಾನೇ ತೊಳೆದಿದ್ದೀನಿ."

ಎಲ್ಲಿಗೆ ಹೋದವೆಂದು ಅವನು ಯಾರನ್ನೂ ಕೇಳಿರಲಿಲ್ಲ, ಅವನಿಗೆ ಯಾರೂ ಹೇಳಿಯೂ ಇರಲಿಲ್ಲ. ಗೆಡ್ಡೆ ಕರಗಿದ ಹನ್ನೆರಡು ಇಲಿಗಳೂ ಕಿಡ್ನಿ ಕೆಟ್ಟು ಸತ್ತಿದ್ದವೆಂದು ಇನ್ಸ್‌ಪೆಕ್ಟರ್ ಪ್ರಯೋಗಾಲಯದ ಫೈಲಿನಲ್ಲಿ ಓದಿದ್ದರು. ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದರು.

ಅವನು ಪಂಜರ ತೊಳೆದ ತನ್ನ ಅಂಗೈಗಳನ್ನು ನೋಡಿಕೊಂಡ.

"ಅವಳಿಗೆ ಮಾತ್ರ ಹೇಳ್ಬೇಡಿ ಸಾರ್. ಒಂದು ಔಷಧಿ ಇದೆ ಅಂತ ನಂಬ್ಕೊಂಡಿದ್ದಾಳೆ."

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅವನ ಹೇಳಿಕೆ ಬರೆದುಕೊಂಡು, ಕೃತ್ಯದ ಉದ್ದೇಶ ಎಂಬಲ್ಲಿ 'ಹೆಂಡತಿಯ ಚಿಕಿತ್ಸೆ' ಎಂದಷ್ಟೇ ನಮೂದಿಸಿದರು, ಇಲಿಗಳ ವಿಷಯ ಬರೆಯಲಿಲ್ಲ.